ಭಾನುವಾರ ಸ್ಟೇಷನ್ನಿಗೆ ಬರೋರು ಇದನ್ನ ಓದ್ಕೊಂಡು ಬನ್ನಿ

ಎಲ್ಲರಿಗೂ ನಮಸ್ಕಾರ, ಭಾನುವಾರ ಮಕ್ಕಳನ್ನ ದಾವಣಗೆರೆ ಸ್ಟೇಷನ್ನಿಗೆ ಕರ್ಕೊಂಡು ಬರೋರು ಬರೀ ಇಂಜಿನ್ ತೋರಿಸಿ ವಾಪಸ್ ಹೋಗ್ಬೇಡಿ, ಗೂಡ್ಸ್ ಗಾಡಿ ನಿಂತಿದ್ರೆ ಪ್ಲಾಟ್‌ಫಾರ್ಮ್ ಮೇಲಿಂದಾನೇ ಚಕ್ರ ತೋರಿಸಿ. ಇಂಥ ಚಕ್ರ ನಮ್ಮ ಯಲಹಂಕದಲ್ಲೇ ತಯಾರಾಗ್ತವೆ, ರೈಲ್ವೇದೇ ಸ್ವಂತ ಫ್ಯಾಕ್ಟರಿ, 1984ರಲ್ಲಿ ಇಂದಿರಾ ಗಾಂಧಿ ಉದ್ಘಾಟನೆ ಮಾಡಿದ್ದು, ಆಗ ಹೆಸರು ವೀಲ್ ಅಂಡ್ ಆಕ್ಸಲ್ ಪ್ಲಾಂಟ್, 2003ರಿಂದ ರೈಲ್ ವೀಲ್ ಫ್ಯಾಕ್ಟರಿ.

ಅಲ್ಲಿ ಕೆಲಸ ನಡೆಯೋ ರೀತಿ ಮಾತ್ರ ಮಕ್ಕಳಿಗೆ ಹೇಳ್ಲೇಬೇಕು. ಸವೆದ ಹಳೇ ಚಕ್ರ, ಆಕ್ಸಲ್ (ಎರಡು ಚಕ್ರ ಜೋಡಿಸೋ ಉಕ್ಕಿನ ದಂಡ) ಥರದ ರೈಲ್ವೇ ಗುಜರಿನೇ ಕರೆಂಟ್ ಕುಲುಮೇಲಿ ಕರಗಿಸ್ತಾರೆ, ಆಮೇಲೆ ಆ ಉಕ್ಕನ್ನ ಮೇಲಿಂದ ಸುರಿಯಲ್ಲ, ಮುಚ್ಚಿದ ಟ್ಯಾಂಕಿನೊಳಗೆ ಇಟ್ಟು ಗಾಳಿ ಒತ್ತಡ ಕೊಡ್ತಾರೆ, ಅದು ಎಳನೀರು ಸ್ಟ್ರಾದಲ್ಲಿ ಏರೋ ಹಾಗೆ ಕೊಳವೇಲಿ ಮೇಲೇರಿ ಗ್ರಾಫೈಟ್ ಅಚ್ಚಿನೊಳಗೆ ಕೆಳಗಡೆಯಿಂದ ತುಂಬ್ಕೊಳುತ್ತೆ. ಚೆಲ್ಲಾಡಲ್ಲ, ಕಸ ಒಳಗೆ ಸೇರೋದೂ ಕಮ್ಮಿ.

ಆಕ್ಸಲ್ ಬೇರೆ ಥರ, ಉಕ್ಕಿನ ದಿಂಡು ಕಾಯ್ಸಿ ಬಡಿದು ಮಾಡ್ತಾರೆ. ಕೊನೇಗೆ ಚಕ್ರಾನ ಆಕ್ಸಲ್‌ಗೆ ಹೈಡ್ರಾಲಿಕ್ ಪ್ರೆಸ್ಸಲ್ಲಿ ಒತ್ತಿ ಕೂರಿಸ್ತಾರೆ, ವೆಲ್ಡಿಂಗ್ ಇಲ್ಲ ಬೋಲ್ಟ್ ಇಲ್ಲ, ಬಿಗಿತದ ಮೇಲೇ ಅಷ್ಟು ಭಾರ ಓಡುತ್ತೆ, ನಂಗಂತೂ ಇದೇ ದೊಡ್ಡ ವಿಷಯ ಅನ್ಸುತ್ತೆ.

ಹಳಿ ಹತ್ರ ಯಾರೂ ಇಳೀಬಾರ್ದು, ಪ್ಲಾಟ್‌ಫಾರ್ಮ್ ಟಿಕೆಟ್ ಎಲ್ಲರೂ ತಗೊಳ್ಳಿ. ಬರೋರು ಶನಿವಾರ ಸಂಜೆ ಒಳಗೆ ಇಲ್ಲೇ ಹೆಸರು ಹಾಕಿ.