ಅಪಘಾತದ ಪಿನ್ ಠಾಣೆಯ ಮೇಲೆ ಬೀಳದಿರಲಿ

ಮಾನ್ಯರೇ,

ರಸ್ತೆ ಅಪಘಾತ ದಾಖಲಿಸಲು ಪೊಲೀಸರು ಬಳಸುವ ಐ-ರಾಡ್ (ಅಪಘಾತಗಳ ದತ್ತಸಂಚಯ), ಇ-ಡಿಎಆರ್ (ವಿವರವಾದ ಅಪಘಾತ ವರದಿಯ ವಿದ್ಯುನ್ಮಾನ ರೂಪ) ತಂತ್ರಾಂಶಗಳ ಮಾತು ಬಂದಾಗಲೆಲ್ಲ ಚರ್ಚೆ ಪರಿಹಾರದ ಹಣದ ಸುತ್ತಲೇ ಸುತ್ತುತ್ತದೆ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಪೊಲೀಸರ ಪ್ರಥಮ ವರದಿ 48 ಗಂಟೆ, ಮಧ್ಯಂತರ ವರದಿ 50 ದಿನ, ವಿವರವಾದ ವರದಿ 90 ದಿನಗಳೊಳಗೆ ಪರಿಹಾರ ನಿರ್ಧರಿಸುವ ಕ್ಲೇಮು ನ್ಯಾಯಮಂಡಳಿಗೆ ಸಲ್ಲಿಕೆಯಾಗಬೇಕು. ಇದು ಒಳ್ಳೆಯದೇ. ಆದರೆ ಐಐಟಿ ಮದ್ರಾಸ್ ರೂಪಿಸಿ, ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ಮೊದಲು ಜಾರಿಗೆ ಬಂದ ಐ-ರಾಡ್‌ನ ಗುರಿ, ಜನ ಎಲ್ಲಿ ಮತ್ತು ಯಾಕೆ ಸಾಯುತ್ತಿದ್ದಾರೆಂದು ಕಂಡುಕೊಂಡು ರಸ್ತೆ ಸರಿಪಡಿಸುವುದು. ಆ ಗುರಿ ತಪ್ಪುವುದು ಕೆಲವೇ ಕಾಲಂಗಳಲ್ಲಿ.

ಮುಖ್ಯವಾದದ್ದು ಸ್ಥಳ. ಗಾಯಾಳುಗಳನ್ನು ಸಾಗಿಸಿ, ವಾಹನ ಎತ್ತಿಸಿ, ಸಂಚಾರ ಬಿಡಿಸಿದ ಮೇಲೆ ಎಂಟ್ರಿ ನಡೆಯುವುದು ಠಾಣೆಯಲ್ಲಿ. ಮೊಬೈಲ್ ಎಲ್ಲಿದೆಯೋ ಅಲ್ಲಿನ ಅಕ್ಷಾಂಶ, ರೇಖಾಂಶವೇ ದಾಖಲಾದರೆ ಹೆದ್ದಾರಿ ತಿರುವಿನ ಸಾವು ಠಾಣೆಯ ಅಂಗಳದಲ್ಲಿ ಆದಂತೆ ನಕ್ಷೆಯಲ್ಲಿ ಕಾಣುತ್ತದೆ. ಕೈಯಿಂದ ತುಂಬುವಾಗ ಎರಡೇ ದಶಮಾಂಶಕ್ಕೆ ನಿಲ್ಲಿಸಿದರೆ ಸ್ಥಳ ಒಂದು ಕಿ.ಮೀ.ಗಿಂತಲೂ ಹೆಚ್ಚು ಸರಿಯಬಹುದು, ಐದು ದಶಮಾಂಶ ಬರೆದರೆ ಸುಮಾರು ಒಂದು ಮೀಟರ್ ಅಷ್ಟೇ. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತಗಳು ಇಲ್ಲವೇ 10 ಸಾವು ಆಗಿದ್ದರೆ ಅದು ಬ್ಲ್ಯಾಕ್‌ಸ್ಪಾಟ್, ಅಂದರೆ ಪದೇಪದೇ ಅಪಘಾತವಾಗುವ ಜಾಗ. ಐದರಲ್ಲಿ ಎರಡು ಪಿನ್ (ನಕ್ಷೆಯಲ್ಲಿ ಸ್ಥಳ ತೋರಿಸುವ ಗುರುತು) ಆಚೀಚೆಯಾದರೆ ಆ ತಿರುವು ಪಟ್ಟಿಗೇ ಬರುವುದಿಲ್ಲ, ದುರಸ್ತಿಗೆ ಹಣವೂ ಬರುವುದಿಲ್ಲ.

ಜಿಪಿಎಸ್‌ಗೆ ಮೊಬೈಲ್ ನೆಟ್‌ವರ್ಕ್ ಬೇಕಿಲ್ಲ. ಸಿಗ್ನಲ್ ಇಲ್ಲದ ಕಡೆ ಉಪಗ್ರಹ ಹಿಡಿಯಲು ಕೊಂಚ ಹೆಚ್ಚು ಹೊತ್ತಾಗುತ್ತದೆ, ಅಷ್ಟೆ. ಬಯಲಿನಲ್ಲಿ ನಿಂತು, ಮೊಬೈಲ್ ನಕ್ಷೆಯಲ್ಲಿ ನಾವಿರುವ ಸ್ಥಳದ ಅಂದಾಜು ತೋರಿಸುವ ನೀಲಿ ವೃತ್ತ ಕಿರಿದಾಗುವವರೆಗೆ ಕಾದು, ಬ್ರೇಕ್ ಗುರುತು ಅಥವಾ ಗಾಜಿನ ಚೂರು ಬಿದ್ದ ಜಾಗದಲ್ಲೇ ಪಿನ್ ಹಾಕಬೇಕು. ವಾಹನ ಉರುಳಿ ನಿಂತ ಜಾಗ ಬೇರೆ, ಡಿಕ್ಕಿಯಾದ ಜಾಗ ಬೇರೆ. ಮೇಲ್ಸೇತುವೆ ಇರುವಲ್ಲಿ ಮೇಲಿನ ರಸ್ತೆಯೋ ಕೆಳಗಿನದೋ ಎಂಬುದು ಪಿನ್ನಿನಿಂದ ತಿಳಿಯದು. ಅದನ್ನೂ, ವಾಹನ ಯಾವ ಕಡೆಗೆ ಹೋಗುತ್ತಿತ್ತು, ಹತ್ತಿರದ ಕಿ.ಮೀ. ಕಲ್ಲು ಯಾವುದು ಎಂಬುದನ್ನೂ ಮಹಜರಿನಲ್ಲಿ ಬರೆದಿಟ್ಟರೆ ಮುಂದೆ ತಾಳೆ ನೋಡಬಹುದು.

ಕಾರಣದ ಕಾಲಂ ಇನ್ನೂ ಕಷ್ಟದ್ದು. ಕೇಂದ್ರದ 2022ರ ವರದಿಯಲ್ಲಿ ಶೇ 71ರಷ್ಟು ಸಾವಿಗೆ ಕಾರಣ ಅತಿವೇಗ. ವೇಗ ಕೊಲ್ಲುತ್ತದೆ, ಸಂಶಯವಿಲ್ಲ. ಆದರೆ ಅಳೆಯದೆಯೇ ‘ಅತಿವೇಗ’ ಆಯ್ಕೆ ಮಾಡುವುದು ಸುಲಭ. ನಿರ್ಲಕ್ಷ್ಯದ ಚಾಲನೆಯ ಎಫ್‌ಐಆರ್‌ಗೂ ಅದು ಸಲೀಸಾಗಿ ಹೊಂದುತ್ತದೆ. ಬೀದಿದೀಪ ಉರಿಯುತ್ತಿರಲಿಲ್ಲ, ಡಿವೈಡರ್‌ಗೆ ಪ್ರತಿಫಲಕ ಇರಲಿಲ್ಲ ಎಂಬ ಸಂಗತಿಗಳು ಅಲ್ಲೇ ಮುಚ್ಚಿಹೋಗುತ್ತವೆ. ರಸ್ತೆ ವಿವರವೆಲ್ಲ ತುಂಬಿದ ಮೇಲಷ್ಟೇ ಕಾರಣದ ಪಟ್ಟಿ ತೆರೆದುಕೊಳ್ಳುವಂತೆ, ಒಂದಕ್ಕಿಂತ ಹೆಚ್ಚು ಕಾರಣ ಗುರುತಿಸಲು ಬರುವಂತೆ ತಂತ್ರಾಂಶ ಇರಬೇಕು.

ಅಪಘಾತವಾದ 30 ದಿನಗಳೊಳಗೆ ಗಾಯಾಳು ತೀರಿಕೊಂಡರೆ ಲೆಕ್ಕಕ್ಕೆ ಅದು ಸಾವಿನ ಪ್ರಕರಣ. ‘ತೀವ್ರ ಗಾಯ’ ಎಂದಿದ್ದ ಎಂಟ್ರಿಯನ್ನು ತಿದ್ದಲೇಬೇಕು. ಆಸ್ಪತ್ರೆ ಬೇರೆ ಠಾಣೆಯ ಸರಹದ್ದಿನಲ್ಲಿದ್ದರೆ ಇದು ಮರೆತುಹೋಗುವ ಸಾಧ್ಯತೆ ಹೆಚ್ಚು.

ಇದಕ್ಕೆಲ್ಲ ಹೊಸ ಯಂತ್ರವೇನೂ ಬೇಡ. ಪ್ರತಿ ತಿಂಗಳು ಇನ್‌ಸ್ಪೆಕ್ಟರ್ ತಮ್ಮ ಠಾಣೆಯ ಪಿನ್‌ಗಳನ್ನೆಲ್ಲ ಒಂದೇ ನಕ್ಷೆಯಲ್ಲಿ ನೋಡಲಿ. ಠಾಣೆ ಅಥವಾ ಆಸ್ಪತ್ರೆಯ ಮೇಲೆ ಬಿದ್ದವನ್ನು ಮಹಜರಿನೊಂದಿಗೆ ತಾಳೆ ನೋಡಿ ಸರಿಪಡಿಸಿದ ಮೇಲೆಯೇ ಅಂಕಿಅಂಶ ಮೇಲಿನ ಕಚೇರಿಗೆ ಹೋಗಲಿ.

– ಒಬ್ಬ ಸಾರಿಗೆ ಎಂಜಿನಿಯರ್