ಭಾನುವಾರದ ಅಭ್ಯಾಸ: ಸೈಲೆನ್ಸರ್ ಬ್ಯಾರೆಲ್ ಬೇಡ, ಕಿವಿಗೆ ಮಫ್ ತನ್ನಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 8ಕ್ಕೆ ಶಿರಸಿಯಲ್ಲಿ .22 ರೈಫಲ್ ಅಭ್ಯಾಸ ಇದೆ. ಕಾರವಾರ, ಕುಮಟಾ ಕಡೆಯವರು ಬೇಗ ಹೊರಡಿ, ದೇವಿಮನೆ ಘಟ್ಟದಲ್ಲಿ ಮಂಜು ಇರಬಹುದು.

ಬ್ಯಾರೆಲ್ ಒಳಗೇ ಸೈಲೆನ್ಸರ್ ಇರುವ ರೈಫಲ್ ತರಿಸಬಹುದಾ ಅಂತ ಕೆಲವರು ಕೇಳಿದ್ದೀರಿ. ಖಂಡಿತ ಬೇಡ. ಅಂಥ ಬ್ಯಾರೆಲ್‌ಗೆ ಗ್ಯಾಸ್ ಹೊರಹೋಗಲು ಸಾಲಾಗಿ ತೂತುಗಳಿರುತ್ತವೆ. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟ) ನಿಯಮದಲ್ಲಿ ತೂತಿರುವ ಬ್ಯಾರೆಲ್ ನಡೆಯುವುದೇ ಇಲ್ಲ. ನಮ್ಮ ಲೈಸೆನ್ಸಿನಲ್ಲೂ ಸೈಲೆನ್ಸರ್ ಬರುವುದಿಲ್ಲ, ಸುಮ್ನೆ ಕೇಸಾಗುತ್ತದೆ.

ಶಬ್ದ ಜಾಸ್ತಿ ಅನ್ನಿಸಿದರೆ ಕಿವಿಯೊಳಗೆ ಫೋಮ್ ಪ್ಲಗ್ ಇಟ್ಟು ಮೇಲೆ ಮಫ್ ಹಾಕಿ. ಹೋದ ಸಲ ಬರೀ ಹತ್ತಿ ಇಟ್ಟುಕೊಂಡ ಹುಡುಗನಿಗೆ ಸಂಜೆವರೆಗೂ ಕಿವಿ ಗುಂಯ್ ಅನ್ನುತ್ತಿತ್ತು, ನೋಡಿ ಬೇಜಾರಾಯ್ತು.

ಲೈಸೆನ್ಸ್ ಮರೆಯಬೇಡಿ. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ.