ಹನ್ನೆರಡೇ ರೋಗಿಗಳು ಅಂದೆಯಲ್ಲ

ಚಿ. ಅನಘಳಿಗೆ ಆಶೀರ್ವಾದಗಳು.

ಮನೆ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ. ನಿನ್ನ ಪತ್ರದ ಒಂದು ಸಾಲು ಮಾತ್ರ ತಲೆಯಿಂದ ಹೋಗುತ್ತಿಲ್ಲ: "ಹನ್ನೆರಡೇ ರೋಗಿಗಳು, ಈ ಥೀಸಿಸ್ ಯಾರು ನಂಬುತ್ತಾರೆ?"

ಎಡಿನ್‌ಬರೋದ ಜೇಮ್ಸ್ ಲಿಂಡ್‌ಗೆ ಸಿಕ್ಕಿದ್ದೂ ಹನ್ನೆರಡೇ ಜನ. 1747ರ ಮೇ 20, ಬ್ರಿಟಿಷ್ ನೌಕಾಪಡೆಯ ಸಾಲಿಸ್ಬರಿ ಯುದ್ಧನೌಕೆ. ಅವನು ಅದರ ವೈದ್ಯ, ಇನ್ನೂ ಎಂ.ಡಿ. ಆಗಿರಲಿಲ್ಲ. ವಸಡು ಕೊಳೆತು ಮಂಡಿ ಸೋತ ಸ್ಕರ್ವಿ (ಸಿ ವಿಟಮಿನ್ ಕೊರತೆಯ ಕಾಯಿಲೆ) ರೋಗಿಗಳಲ್ಲಿ ಆದಷ್ಟೂ ಒಂದೇ ಸ್ಥಿತಿಯವರನ್ನು ಆರಿಸಿ, ಒಂದೇ ಕಡೆ ಮಲಗಿಸಿ, ಒಂದೇ ಊಟ ಕೊಟ್ಟ. ಆಮೇಲೆ ಇಬ್ಬಿಬ್ಬರಿಗೆ ಒಂದೊಂದು ಮದ್ದು: ದಿನಕ್ಕೊಂದು ಕ್ವಾರ್ಟ್ (ಸುಮಾರು ಒಂದು ಲೀಟರ್) ಸೈಡರ್, ಅಂದರೆ ಹುಳಿಯಿಸಿದ ಸೇಬಿನ ರಸ; ಗಂಧಕಾಮ್ಲದ ಮದ್ದು 25 ಹನಿ, ಮೂರು ಹೊತ್ತು; ವಿನೆಗರ್ ಎರಡೆರಡು ಚಮಚ, ಅದೂ ಮೂರು ಹೊತ್ತು; ಅರ್ಧ ಪಿಂಟ್ (ಸುಮಾರು ಕಾಲು ಲೀಟರ್) ಸಮುದ್ರದ ನೀರು; ಬೆಳ್ಳುಳ್ಳಿ, ಸಾಸಿವೆ ಮುಂತಾದವನ್ನು ಅರೆದು ಮಾಡಿದ, ಜಾಯಿಕಾಯಿ ಗಾತ್ರದ ಲೇಹ್ಯ; ಎರಡು ಕಿತ್ತಳೆಯ ಜೊತೆ ಒಂದು ನಿಂಬೆ. ಸಮುದ್ರದ ನೀರು ಕುಡಿಸಿದ್ದು ಅತಿ ಕಷ್ಟದಲ್ಲಿದ್ದ ಇಬ್ಬರಿಗೆ. ಆ ಜೋಡಿಯಲ್ಲಿ ಹೋಲಿಕೆ ಸಡಿಲವೇ.

ಆರು ದಿನಕ್ಕೆ ಹಣ್ಣು ಮುಗಿಯಿತು. ಅಷ್ಟರಲ್ಲೇ ಹಣ್ಣು ತಿಂದ ಒಬ್ಬ ಕೆಲಸಕ್ಕೆ ಎದ್ದ, ಇನ್ನೊಬ್ಬ ಉಳಿದವರ ಆರೈಕೆಗೆ ನಿಂತ. ಸೈಡರ್ ಕುಡಿದವರು ಅಲ್ಪಸ್ವಲ್ಪ ಚೇತರಿಸಿದರು. ವ್ಯತ್ಯಾಸ ಇಷ್ಟು ಢಾಳಾಗಿದ್ದರೆ ಹನ್ನೆರಡು ಸಾಕು. ನಿನ್ನದು ಅಷ್ಟು ದೊಡ್ಡದಲ್ಲದಿದ್ದರೆ ಹಾಗೆಂದೇ ಬರೆ, ತಪ್ಪೇನಿಲ್ಲ.

ಲಿಂಡ್‌ನ ಮಾತು ನಡೆಯದೆ ಹೋದದ್ದಕ್ಕೆ ಸಂಖ್ಯೆಯನ್ನು ನಾನು ದೂರುವುದಿಲ್ಲ. 1753ರಲ್ಲಿ ಬಂದ ಅವನ ನಾನೂರಕ್ಕೂ ಹೆಚ್ಚು ಪುಟದ ಗ್ರಂಥದಲ್ಲಿ ಈ ಪ್ರಯೋಗಕ್ಕೆ ಸಿಕ್ಕಿದ್ದು ಕೆಲವೇ ಪುಟ. ತೇವದ ಗಾಳಿ, ಬೆವರು ಕಟ್ಟುವುದೇ ಸ್ಕರ್ವಿಗೆ ಕಾರಣ ಎಂಬ ಹಳೇ ವಾದವನ್ನು ಅವನೂ ಬಿಡಲಿಲ್ಲ. ಮೇಲಾಗಿ, ಹಣ್ಣು ಕೆಡದಿರಲೆಂದು ರಸವನ್ನು ಬೋಗುಣಿಗೆ ಹಾಕಿ, ಕುದಿಯುವುದಕ್ಕೆ ಹತ್ತಿರದ ಬಿಸಿನೀರಿನಲ್ಲಿಟ್ಟು, ಗಂಟೆಗಟ್ಟಲೆ ಇಂಗಿಸಿ ಪಾಕ ಮಾಡಲು ಹೇಳಿದ. ಸಿ ವಿಟಮಿನ್ ಬಿಸಿಗೆ ಒಂದಷ್ಟು ಹೋಗುತ್ತದೆ, ಶೀಶೆಯಲ್ಲಿಟ್ಟ ತಿಂಗಳುಗಳಲ್ಲಿ ಮಿಕ್ಕದ್ದರಲ್ಲೂ ಬಹುಪಾಲು ಹೋಗುತ್ತದೆ. ತಾಜಾ ರಸದ ಪಕ್ಕ ಹಳೆಯ ಪಾಕವನ್ನಿಟ್ಟು ಇನ್ನೊಂದು ಹನ್ನೆರಡು ಜನರ ಮೇಲೆ ನೋಡಿದ್ದರೆ! ನೌಕಾಪಡೆ ನಿಂಬೆರಸಕ್ಕೆ ಆದೇಶ ಕೊಟ್ಟದ್ದು 1795ರಲ್ಲಿ, ಲಿಂಡ್ ತೀರಿಹೋದ ಮರುವರ್ಷ.

"ಯಾರು ನಂಬುತ್ತಾರೆ" ಎಂಬ ಅಳುಕು ನನ್ನ ಪ್ರಾಯದಲ್ಲೂ ಇತ್ತು. ಅದರಿಂದ ಅರ್ಧಕ್ಕೆ ನಿಂತ ಕೆಲಸಗಳು ಈಗ ಕಾಡುತ್ತವೆ. ಕೇಳದೆ ಹೇಳುತ್ತಿದ್ದೇನೆ, ಬೇಸರಿಸಬೇಡ: ಫಲಿತಾಂಶವನ್ನು ಮೊದಲ ಪುಟದಲ್ಲೇ ಹಾಕು. ಪರೀಕ್ಷಿಸಿದ ರೂಪದಲ್ಲೇ ಮದ್ದನ್ನು ಶಿಫಾರಸು ಮಾಡು, ಪುಡಿಯೋ ಸಿರಪ್ಪೋ ಆದರೆ ಅದನ್ನು ಬೇರೆಯಾಗಿ ನೋಡಬೇಕು. ಟೇಬಲ್ ಕಳಿಸುವಾಗ, ನಡುವೆ ಬಿಟ್ಟುಹೋದ ರೋಗಿಗಳಿದ್ದರೆ ಅವರನ್ನೂ ಸೇರಿಸು.

ಇಂತು,
ನಿನ್ನ ದೊಡ್ಡಪ್ಪ